ಗುಂಡು ಹಾರಿಸದ ಮಾಫಿಯಾ ದೊರೆಗೆ ನೂರು ವರ್ಷ ಶಿಕ್ಷೆಯಾದದ್ದು ಹೇಗೆ?

ನಿಮ್ಮ ಪ್ರಶ್ನೆ ಎರಡು ಭಾಗದಲ್ಲಿದೆ. ಕೊಲೆ ನಡೆದ ಜಾಗದ ಹತ್ತಿರವೂ ಸುಳಿಯದ ನ್ಯೂಯಾರ್ಕಿನ ಮಾಫಿಯಾ ಬಾಸ್‌ಗಳನ್ನು ಅಮೆರಿಕದ ಫೆಡರಲ್ ಪ್ರಾಸಿಕ್ಯೂಟರ್‌ಗಳು ಹೇಗೆ ಹಿಡಿದರು ಎಂಬುದು ಮೊದಲನೆಯದು. ಅದೇ ಕೆಲಸ ನಮ್ಮಲ್ಲಿ ಯಾಕೆ ಆಗುತ್ತಿಲ್ಲ ಎಂಬುದು ಎರಡನೆಯದು. ನಾನು ಜಿಲ್ಲಾ ನ್ಯಾಯಾಲಯವೊಂದರಲ್ಲಿ ಕ್ರಿಮಿನಲ್ ವಕೀಲ, ಅದರಲ್ಲೂ ಹೆಚ್ಚಾಗಿ ಆರೋಪಿಗಳ ಪರ. ಹಾಗಾಗಿ ಈ ಕಥೆಯನ್ನು ಓದುವಾಗ ನನಗೆ ಮೆಚ್ಚುಗೆಯೂ ಆಗುತ್ತದೆ, ಹೊಟ್ಟೆಯೊಳಗೆ ಸಣ್ಣ ಕಸಿವಿಸಿಯೂ ಆಗುತ್ತದೆ.

ವಕೀಲಿಕೆಯ ಆರಂಭದ ವರ್ಷಗಳಲ್ಲಿ ಒಂದು ಸುಪಾರಿ ಕೊಲೆ ಪ್ರಕರಣದಲ್ಲಿ ಹಿರಿಯರೊಬ್ಬರಿಗೆ ಸಹಾಯಕನಾಗಿದ್ದೆ. ಮಚ್ಚು ಹಿಡಿದ ಇಬ್ಬರು ಹುಡುಗರು ಕಟಕಟೆಯಲ್ಲಿದ್ದರು. ಸುಪಾರಿ ಕೊಟ್ಟವನೆಂದು ಊರಿಗೆಲ್ಲ ಗೊತ್ತಿದ್ದ ಮನುಷ್ಯ ಪ್ರತಿ ವಿಚಾರಣೆಗೂ ಬಂದು ಕೋರ್ಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದ. ದೋಷಾರೋಪ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಅಮೆರಿಕದವರು ಬಿಡಿಸಬೇಕಾಗಿದ್ದದ್ದೂ ಇದೇ ಗಂಟನ್ನು. ಕೊಲೆಯನ್ನು ಕೊಲೆಯೆಂದೇ ವಿಚಾರಣೆ ಮಾಡುವವರೆಗೆ ಚಹಾ ಅಂಗಡಿಯಲ್ಲಿ ಕೂತವನಿಗೆ ಭಯವಿಲ್ಲ.

1970ರಲ್ಲಿ ಬಂದ ರಿಕೋ, ಅಂದರೆ ಸಂಘಟಿತ ಅಪರಾಧದ ವಿರುದ್ಧದ ಅಮೆರಿಕದ ಫೆಡರಲ್ ಕಾಯ್ದೆ, ಪ್ರಶ್ನೆಯನ್ನೇ ಬದಲಿಸಿತು. ಯಾರು ಕೊಂದರು ಎಂದು ಕೇಳುವ ಬದಲು, ಈ ಮನುಷ್ಯ ಒಂದು ಕೂಟದ ವ್ಯವಹಾರವನ್ನು ಅಪರಾಧಗಳ ಮೂಲಕ ನಡೆಸಿದನೇ ಎಂದು ಅದು ಕೇಳುತ್ತದೆ. ಸುಲಿಗೆ, ಲಂಚ, ಕೊಲೆ, ಜೂಜು ಹೀಗೆ ಪಟ್ಟಿ ಮಾಡಿದ ಅಪರಾಧಗಳಲ್ಲಿ ಹತ್ತು ವರ್ಷದೊಳಗೆ ಕನಿಷ್ಠ ಎರಡು ನಡೆದಿರಬೇಕು, ಅವುಗಳ ನಡುವೆ ನಂಟಿರಬೇಕು. ಕಾಯ್ದೆಯನ್ನು ರೂಪಿಸಿದ ರಾಬರ್ಟ್ ಬ್ಲೇಕಿ ಅದನ್ನು ಹೇಗೆ ಬಳಸಬೇಕೆಂದು ವರ್ಷಗಟ್ಟಲೆ ಉಪನ್ಯಾಸ ಕೊಡುತ್ತ ತಿರುಗಬೇಕಾಯಿತು. ಮೊದಲ ಹತ್ತು ವರ್ಷ ದೊಡ್ಡ ಮಾಫಿಯಾ ಮೊಕದ್ದಮೆಗಳಲ್ಲಿ ಅದನ್ನು ಮುಟ್ಟಿದವರು ಕಡಿಮೆ. ಹೊಸ ಕಾಯ್ದೆ ಬಂದರೆ ಮರುದಿನವೇ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಅದರ ಪೂರ್ಣ ಶಕ್ತಿ ಕಂಡದ್ದು ‘ಕಮಿಷನ್’ ಮೊಕದ್ದಮೆಯಲ್ಲಿ. ನ್ಯೂಯಾರ್ಕಿನ ಮಾಫಿಯಾ ಕುಟುಂಬಗಳ, ಅಂದರೆ ಗ್ಯಾಂಗುಗಳ, ಮುಖ್ಯಸ್ಥರು ಸೇರಿ ಜಗಳ ತೀರ್ಮಾನಿಸುವ, ಕೊಲೆಗಳಿಗೆ ಒಪ್ಪಿಗೆ ಕೊಡುವ ಒಂದು ಪಂಚಾಯಿತಿ ಇತ್ತು, ಅದರ ಹೆಸರೇ ಕಮಿಷನ್. ಆಗ ಮ್ಯಾನ್‌ಹಟನ್ನಿನ ಫೆಡರಲ್ ಅಟಾರ್ನಿಯಾಗಿದ್ದ ರುಡಾಲ್ಫ್ ಜೂಲಿಯಾನಿ 1985ರ ಫೆಬ್ರುವರಿಯಲ್ಲಿ ಆ ಪಂಚಾಯಿತಿಯನ್ನೇ ಅಪರಾಧದ ಕೂಟವೆಂದು ಹೆಸರಿಸಿ ಆರೋಪ ಹೊರಿಸಿದರು. ಬಾಸ್ ಎಂಬ ಪದವಿಯೇ ಅವನ ವಿರುದ್ಧ ಸಾಕ್ಷ್ಯವಾಯಿತು. ದೊಡ್ಡ ಕಟ್ಟಡಗಳ ಕಾಂಕ್ರೀಟ್ ಗುತ್ತಿಗೆ 20 ಲಕ್ಷ ಡಾಲರ್ ಮೀರಿದರೆ ಅದರಲ್ಲಿ ಶೇಕಡಾ 2 ಇವರಿಗೆ ಸಲ್ಲಬೇಕಿತ್ತು. ನಮ್ಮ ಭಾಷೆಯಲ್ಲಿ ಹಫ್ತಾ. ಕೊಲೆಯ ಆರೋಪಕ್ಕಿಂತ ಈ ಲೆಕ್ಕವೇ ಮೊಕದ್ದಮೆಗೆ ಬೆನ್ನೆಲುಬಾಗಿತ್ತು.

ಆದರೆ ಕಾಯ್ದೆ ಬರೀ ಪಾತ್ರೆ. ಅದನ್ನು ತುಂಬಿಸಿದ್ದು ಆರೋಪಿಗಳ ಸ್ವಂತ ಮಾತು. ಲೂಕೇಸ್ ಕುಟುಂಬದ ಬಾಸ್ ಆಂಟನಿ ಕೊರಾಲೊ ಸಮನ್ಸ್‌ಗಳಿಂದ ನುಣುಚಿಕೊಳ್ಳುವುದರಲ್ಲಿ ಎಷ್ಟು ನಿಸ್ಸೀಮನೆಂದರೆ ಅವನ ಅಡ್ಡಹೆಸರೇ ಅದರಿಂದ ಬಂದಿತ್ತು. ಕೋಣೆಗಳಲ್ಲಿ ಗುಪ್ತ ಮೈಕ್ ಇರಬಹುದೆಂದು ಅಂಥವನು ತನ್ನ ಆಪ್ತನ ಜಾಗ್ವಾರ್ ಕಾರಿನಲ್ಲಿ ಸುತ್ತುತ್ತ ವ್ಯವಹಾರ ಮಾತಾಡುತ್ತಿದ್ದ. ಕಾರಿನ ಒಡೆಯ ಹೆಂಡತಿಯೊಂದಿಗೆ ಒಂದು ಔತಣಕೂಟಕ್ಕೆ ಹೋಗಿದ್ದಾಗ ತನಿಖಾಧಿಕಾರಿಗಳು ಆ ಕಾರಿನೊಳಗೇ ಮೈಕ್ ಕೂರಿಸಿದರು. ಗ್ಯಾಂಬಿನೊ ಕುಟುಂಬದ ಬಾಸ್ ಪಾಲ್ ಕ್ಯಾಸ್ಟೆಲಾನೊನ ಬಂಗಲೆಯಲ್ಲಿ, ಜೆನೊವೀಸ್ ಕುಟುಂಬದ ಆಂಟನಿ ಸಲೇರ್ನೊ ದಿನವಿಡೀ ಕೂರುತ್ತಿದ್ದ ಈಸ್ಟ್ ಹಾರ್ಲೆಮ್‌ನ ಕ್ಲಬ್ಬಿನಲ್ಲಿ ಕೂಡ ಮೈಕ್‌ಗಳಿದ್ದವು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ನಮ್ಮ ಗಾದೆಯನ್ನು ಜೂರಿಗಳು ಗಂಟೆಗಟ್ಟಲೆ ಟೇಪಿನಲ್ಲಿ ಕೇಳಿದರು. ಈ ಕದ್ದಾಲಿಕೆ ಮನಬಂದಂತೆ ನಡೆದದ್ದಲ್ಲ. 1968ರ ಕಾಯ್ದೆಯ ಪ್ರಕಾರ ಬೇರೆ ದಾರಿ ಫಲಿಸದೆಂದು ನ್ಯಾಯಾಧೀಶರಿಗೆ ತೋರಿಸಬೇಕು, ಅನುಮತಿ ಒಂದು ಸಲಕ್ಕೆ 30 ದಿನ ಮಾತ್ರ, ಪ್ರಕರಣಕ್ಕೆ ಸಂಬಂಧವಿಲ್ಲದ ಮನೆಯ ಮಾತು ಶುರುವಾದರೆ ಕೇಳುವುದನ್ನು ನಿಲ್ಲಿಸಬೇಕು.

ವಕೀಲನಾಗಿ ನನಗೆ ಅತ್ಯಂತ ರುಚಿಸುವ ಘಟ್ಟ ಮುಂದಿದೆ. ಅಷ್ಟು ಟೇಪುಗಳ ಎದುರು ಮಾಫಿಯಾ ಎಂಬುದೇ ಇಲ್ಲ ಎಂದು ವಾದಿಸಲು ಪ್ರತಿವಾದಿ ವಕೀಲರಿಗೆ ಸಾಧ್ಯವಿರಲಿಲ್ಲ. ಹಾಗಾಗಿ ಅವರು ಆರಂಭದಲ್ಲೇ ಒಪ್ಪಿಕೊಂಡುಬಿಟ್ಟರು: ಮಾಫಿಯಾ ಇದೆ, ಕಮಿಷನ್ ಕೂಡ ಇದೆ, ಆದರೆ ಸದಸ್ಯನಾದ ಮಾತ್ರಕ್ಕೆ ಅಪರಾಧಿಯಲ್ಲ. ನಾನು ಅಲ್ಲಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದೆ. ಸೋತದ್ದು ಅಲ್ಲಿಯೇ ಎಂದೂ ಅನ್ನಿಸುತ್ತದೆ. ಕೂಟ ಇದೆಯೆಂದು ಒಪ್ಪಿದ ಮೇಲೆ ಪ್ರಾಸಿಕ್ಯೂಟರ್ ಮೈಕಲ್ ಚೆರ್ಟಾಫ್‌ಗೆ ಅರ್ಧ ದಾರಿ ಸವೆದಿತ್ತು. ಆರೋಪಿಗಳಲ್ಲೊಬ್ಬನಾದ ಕಾರ್ಮೈನ್ ಪರ್ಸಿಕೊ ವಕೀಲರನ್ನೇ ಬಿಟ್ಟು ತಾನೇ ವಾದ ಮಾಡಿದ, ಸಾಕ್ಷಿಗಳಿಗೆ ತಾನೇ ಪಾಟಿ ಸವಾಲು ಹಾಕಿದ. 1986ರ ನವೆಂಬರಿನಲ್ಲಿ ವಿಚಾರಣೆ ಎದುರಿಸಿದ ಎಂಟೂ ಜನ ದೋಷಿಗಳೆಂದು ತೀರ್ಪಾಯಿತು. ಮುಂದಿನ ಜನವರಿಯಲ್ಲಿ ಏಳು ಜನರಿಗೆ ತಲಾ ನೂರು ವರ್ಷ, ಒಬ್ಬನಿಗೆ ನಲವತ್ತು. ಇವರ ಜೊತೆ ಆರೋಪ ಹೊತ್ತಿದ್ದ ಕ್ಯಾಸ್ಟೆಲಾನೊ ಮಾತ್ರ ಆ ದಿನವನ್ನು ನೋಡಲಿಲ್ಲ. 1985ರ ಡಿಸೆಂಬರಿನಲ್ಲಿ ಮ್ಯಾನ್‌ಹಟನ್ನಿನ ಹೋಟೆಲೊಂದರ ಬಾಗಿಲಲ್ಲೇ ಅವನನ್ನು ಗುಂಡಿಟ್ಟು ಕೊಂದಿದ್ದರು. ಕೊಲ್ಲಿಸಿದವನು ಅದೇ ಗ್ಯಾಂಬಿನೊ ಕುಟುಂಬದ, ಮುಂದೆ ಅದರ ಬಾಸ್ ಆದ ಜಾನ್ ಗಾಟಿ.

ಜಾಮೀನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸಾರ್ವಜನಿಕರಿಗೆ ಅಪಾಯಕಾರಿ ಎಂಬ ಕಾರಣಕ್ಕೆ ವಿಚಾರಣೆಗೆ ಮೊದಲೇ ಒಳಗಿಡಲು 1984ರ ಕಾಯ್ದೆ ಅವಕಾಶ ಕೊಟ್ಟಿತು. ಮೇಲೆ ಹೇಳಿದ ಸಲೇರ್ನೊ ಇನ್ನೊಂದು ಪ್ರಕರಣದಲ್ಲಿ ಅದನ್ನು ಪ್ರಶ್ನಿಸಿದ. 1987ರಲ್ಲಿ ಸುಪ್ರೀಂ ಕೋರ್ಟ್ 6–3ರಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ನನ್ನ ಮತ ಆ ಮೂವರ ಕಡೆಗೆ.

ಈಗ ಗಾಟಿ. 1987ರಲ್ಲಿ ಫೆಡರಲ್ ಮೊಕದ್ದಮೆಯಲ್ಲಿ ಅವನು ಖುಲಾಸೆಯಾದ. ಜೂರಿಯ ಸದಸ್ಯನೊಬ್ಬ ಹಣ ತಿಂದಿದ್ದ ಎಂಬುದು ಹೊರಬಿದ್ದದ್ದು ಆಮೇಲೆ. 1992ರ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಹಳೆಯ ತಪ್ಪು ಮಾಡಲಿಲ್ಲ. ಜೂರಿಗಳ ಹೆಸರು ಗುಟ್ಟಾಗಿತ್ತು, ಅವರನ್ನು ಹೊರಗಿನವರ ಸಂಪರ್ಕಕ್ಕೆ ಸಿಗದಂತೆ ಇಡಲಾಗಿತ್ತು. ಗಾಟಿಯ ವಕೀಲ ಬ್ರೂಸ್ ಕಟ್ಲರ್ ದನಿಯೂ ಟೇಪುಗಳಲ್ಲಿತ್ತು ಎಂದು ಅವರನ್ನೇ ಪ್ರಕರಣದಿಂದ ಹೊರಗಿಟ್ಟರು. ಇದನ್ನು ಓದಿದಾಗ ನನಗೆ ಬೆವರು ಬಂದಿತ್ತು. ಕಕ್ಷಿದಾರನ ಜೊತೆ ಆಡುವ ಮಾತನ್ನು ಯಾರೋ ಕೇಳುತ್ತಿದ್ದಾರೆ ಎಂಬುದಕ್ಕಿಂತ ದೊಡ್ಡ ಭಯ ವಕೀಲನಿಗೆ ಇನ್ನೇನಿದೆ!

ಆ ಟೇಪುಗಳು ಸಿಕ್ಕಿದ್ದು ಗಾಟಿಯ ಕ್ಲಬ್ಬಿನ ಮೇಲಿದ್ದ, ವಿಧವೆಯೊಬ್ಬಳು ವಾಸವಿದ್ದ ಮನೆಯಲ್ಲಿ. ಅಲ್ಲಿ ಯಾರೂ ಕೇಳಿಸಿಕೊಳ್ಳರೆಂದು ಅವನು ನಂಬಿದ್ದ. ತನ್ನ ಬಲಗೈ ಬಂಟ ಸಾಲ್ವತೋರೆ ಗ್ರವಾನೊನನ್ನೇ ಅಲ್ಲಿ ದೂರಿದ್ದ, ಕೆಲವು ಕೊಲೆಗಳ ಹೊಣೆಯನ್ನು ಅವನ ತಲೆಗೆ ಕಟ್ಟಿದ್ದ. ಬಂಧನದ ನಂತರ ಆ ಟೇಪು ಗ್ರವಾನೊನ ಕಿವಿಗೂ ಬಿತ್ತು. ಅವನನ್ನು ತಿರುಗಿಸಲು ಅದಕ್ಕಿಂತ ಹೆಚ್ಚಿನ ಉಪದೇಶ ಬೇಕಾಗಲಿಲ್ಲ. ಮಾಫಿ ಸಾಕ್ಷಿಯಾಗಿ ಅವನು ಒಪ್ಪಿಕೊಂಡ ಕೊಲೆಗಳು 19. ಗಾಟಿಗೆ ಜೀವಾವಧಿ, ಗ್ರವಾನೊಗೆ ಬರೀ ಐದು ವರ್ಷ.

ಹತ್ತೊಂಬತ್ತು ಹೆಣಕ್ಕೆ ಐದು ವರ್ಷ! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಸರಿ, ಆದರೆ ತೆಗೆದ ಮುಳ್ಳನ್ನು ಜೇಬಿನಲ್ಲಿ ಇಟ್ಟುಕೊಂಡರೆ? ಸರ್ಕಾರದ ಸಾಕ್ಷಿ ರಕ್ಷಣೆ ಯೋಜನೆಯಿಂದ ಹೊರಬಂದ ಗ್ರವಾನೊ 2000ದಲ್ಲಿ ಅರಿಜೋನಾದಲ್ಲಿ ಮಾದಕ ದ್ರವ್ಯದ ದಂಧೆಗಾಗಿ ಮತ್ತೆ ಸಿಕ್ಕಿಬಿದ್ದ. ಆದರೂ ಅವನಿಲ್ಲದೆ ಗಾಟಿ ಮತ್ತೊಮ್ಮೆ ನಗುತ್ತ ಹೊರಬರುತ್ತಿದ್ದನೇ ಎಂದು ನನ್ನನ್ನು ನಾನೇ ಕೇಳಿಕೊಂಡರೆ ಇಲ್ಲ ಎಂದು ಖಚಿತವಾಗಿ ಹೇಳಲು ಬಾಯಿ ಬರುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ. ಕಾಯ್ದೆ ನಮ್ಮಲ್ಲೂ ಇದೆ. ಮಹಾರಾಷ್ಟ್ರದ 1999ರ ಕಾಯ್ದೆಯ ಮಾದರಿಯಲ್ಲಿ ಕರ್ನಾಟಕ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ ಮಾಡಿತು, ಪತ್ರಿಕೆಗಳಲ್ಲಿ ನೀವು ಓದುವ ‘ಕೋಕಾ’ ಅದೇ. ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲೂ ಅದನ್ನು ಬಳಸಲಾಗಿದೆ. ಹತ್ತು ವರ್ಷದ ಲೆಕ್ಕ ಅದರಲ್ಲೂ ಇದೆ. ವ್ಯತ್ಯಾಸವಿರುವುದು ಒತ್ತು ಎಲ್ಲಿ ಬೀಳುತ್ತದೆ ಎಂಬುದರಲ್ಲಿ. ಕೋಕಾ ಅಡಿಯಲ್ಲಿ ಎಸ್‌ಪಿ ದರ್ಜೆಗಿಂತ ಕೆಳಗಿರದ ಪೊಲೀಸ್ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆ ಸಾಕ್ಷ್ಯವಾಗಬಹುದು, ಸಾಮಾನ್ಯ ಕಾನೂನಿನಲ್ಲಿ ಅದು ಆಗದು. ಅಲ್ಲಿ ಬಾಸ್ ತನ್ನ ಮನೆಯಲ್ಲಿ ಹಾಯಾಗಿ ಆಡಿದ ಮಾತನ್ನು ಹಿಡಿದರು, ಇಲ್ಲಿ ಬಂಧನದಲ್ಲಿರುವವನ ಮಾತಿಗೆ ಬಾಗಿಲು ತೆರೆದಿದ್ದೇವೆ. ಎರಡರಲ್ಲಿ ಯಾವುದನ್ನು ಪಾಟಿ ಸವಾಲಿನಲ್ಲಿ ಒಡೆಯುವುದು ಸುಲಭ ಎಂದು ನನ್ನಂಥವರನ್ನು ಕೇಳಿ.

ಇನ್ನೊಂದು ಮಾತು. ಅಲ್ಲಿ ಪ್ರಾಸಿಕ್ಯೂಟರ್ ತನಿಖೆಯ ಶುರುವಿನಿಂದಲೇ ಏಜೆಂಟರ ಜೊತೆ ಕೂರುತ್ತಾನೆ, ಮೈಕ್ ಎಲ್ಲಿಡಬೇಕು, ಯಾರನ್ನು ಮೊದಲು ತಿರುಗಿಸಬೇಕು ಎಂಬುದರಲ್ಲಿ ಅವನ ಮಾತಿಗೆ ತೂಕವಿದೆ. ನಮ್ಮಲ್ಲಿ ಸಾಮಾನ್ಯವಾಗಿ ದೋಷಾರೋಪ ಪಟ್ಟಿ ಸಿದ್ಧವಾದ ಮೇಲೆಯೇ ಕಡತ ಅವನ ಮೇಜಿಗೆ ಬರುತ್ತದೆ. ನಾನು ಹೇಳಿದ ಸುಪಾರಿ ಪ್ರಕರಣದಲ್ಲಿ ಆ ಹುಡುಗರ ಫೋನಿಗೆ ಕೊಲೆಯ ಹಿಂದಿನ ರಾತ್ರಿ ಯಾರು ಕರೆ ಮಾಡಿದ್ದರು ಎಂದು ಸರ್ಕಾರಿ ವಕೀಲರು ಕೇಳಿದ್ದು ವಿಚಾರಣೆ ಅರ್ಧ ಮುಗಿದ ಮೇಲೆ. ಅಷ್ಟರಲ್ಲಿ ಮೊಬೈಲ್ ಕಂಪನಿ ಆ ದಾಖಲೆಯನ್ನು ಅಳಿಸಿಯಾಗಿತ್ತು.