ಗಲ್ಲಾ ಪಕ್ಕದ ಮಾತು: ಈ ಸಲ ಚಿಲ್ಲರೆ ವಿಚಾರ

ಕಳೆದ ಸಂಚಿಕೆಯಲ್ಲಿ ಉದ್ರಿ ಲೆಕ್ಕದ ಬಗ್ಗೆ ಬರೆಯುತ್ತಾ, ಚಿಲ್ಲರೆಯನ್ನು ಗಿರಾಕಿಯ ಕೈಗೆ ಎಣಿಸಿ ಕೊಡುವ ಅಭ್ಯಾಸ ಹೋಗೇಬಿಟ್ಟಿತು ಅಂತ ಒಂದು ಸಾಲು ಸೇರಿಸಿದ್ದೆ. ಉದ್ರಿ ಬಗ್ಗೆ ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಚಿಲ್ಲರೆ ಬಗ್ಗೆಯೇ. ಸರಿ, ಈ ಸಲ ಪೂರ್ತಿ ಅದೇ ಆಗಲಿ.

ಹೊಸ ಓದುಗರಿಗೆ ಹೇಳುವುದಾದರೆ, ನಾನು ತಿಪಟೂರಿನಲ್ಲಿ ಮಾವನವರ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತು ಕೂತು ತಲೆ ಬೆಳ್ಳಗಾದವಳು. ಈಗ ಅಂಗಡಿ ಮಗನದು. ಸಂಜೆ ಹೊತ್ತು ನಾನೂ ಹೋಗಿ ಕೂರುತ್ತೇನೆ, ಅವನಿಗೆ ಇಷ್ಟ ಇರಲಿ ಬಿಡಲಿ.

ಪ್ರಶ್ನೆ: ಅಮ್ಮ, ಸೂಪರ್ ಮಾರ್ಕೆಟ್‌ನಲ್ಲಿ ಕ್ಯಾಷಿಯರ್ ಆಗಿ ಹೊಸದಾಗಿ ಸೇರಿದ್ದೇನೆ. ಎಷ್ಟು ವಾಪಸ್ ಕೊಡಬೇಕು ಅಂತ ಕಂಪ್ಯೂಟರೇ ತೋರಿಸುತ್ತದೆ. ಆದರೂ ನಮ್ಮ ಯಜಮಾನರು, "ಬಾಯಲ್ಲಿ ಹೇಳ್ತಾ ಕೈಗೆ ಎಣಿಸು" ಅಂತಾರೆ. ಹಿಂದೆ ಕ್ಯೂ ಬೆಳೆದಿರುತ್ತದೆ. ಇದೆಲ್ಲ ಬೇಕಾ?
— ಓದುಗ, ದಾವಣಗೆರೆ

ಉತ್ತರ: ಬೇಕು ತಮ್ಮಾ. ನಿಮ್ಮ ಯಜಮಾನರು ಹೇಳಿದ್ದು ಗಿರಾಕಿಗಿಂತ ಜಾಸ್ತಿ ನಿಮ್ಮ ಒಳ್ಳೆಯದಕ್ಕೇ.

ಕಂಪ್ಯೂಟರ್‌ಗೆ ಗೊತ್ತಿರುವುದು ನೀವು ಒತ್ತಿದ ಅಂಕಿ ಮಾತ್ರ. ಗಿರಾಕಿ ಇನ್ನೂರು ಕೊಟ್ಟು ನೀವು ಐನೂರು ಅಂತ ಒತ್ತಿದರೆ ಅದು ಐನೂರಕ್ಕೇ ಲೆಕ್ಕ ತೋರಿಸುತ್ತದೆ. ರಾತ್ರಿ ಗಲ್ಲಾ ತಾಳೆ ನೋಡುವಾಗ ಮುನ್ನೂರು ಕಡಿಮೆ. ಎಷ್ಟೋ ಕಡೆ ಅದನ್ನು ಕ್ಯಾಷಿಯರ್ ಸಂಬಳದಿಂದಲೇ ಹಿಡಿಯುತ್ತಾರೆ.

ನಮ್ಮ ಮಾವನವರು ಕಲಿಸಿದ ಕ್ರಮ ಹೇಳುತ್ತೇನೆ. ಅವರು ಕಳೆಯುತ್ತಲೇ ಇರಲಿಲ್ಲ, ಕೂಡಿಸುತ್ತಿದ್ದರು. ಬಿಲ್ಲು 287 ರೂಪಾಯಿ, ಗಿರಾಕಿ ಕೊಟ್ಟಿದ್ದು 500 ಅಂತ ಇಟ್ಟುಕೊಳ್ಳಿ. ಮೊದಲು ನೋಟು ನೋಡಿ ಜೋರಾಗಿ "ಐನೂರು ಕೊಟ್ರಿ" ಅನ್ನಿ. ಆ ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕಬೇಡಿ. ಮಾವನವರು ಅರ್ಧ ಕೆಜಿ ತೂಕದ ಕಲ್ಲಿನ ಕೆಳಗೆ ಸಿಕ್ಕಿಸುತ್ತಿದ್ದರು, ಅರ್ಧ ನೋಟು ಹೊರಗೆ ಕಾಣುವ ಹಾಗೆ. ಅಂಗಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ಆ ಕಲ್ಲನ್ನು ನಾನು ಎಸೆಯಲಿಲ್ಲ, ಈಗಲೂ ಅದಕ್ಕೆ ಅದೇ ಕೆಲಸ. ಆಮೇಲೆ "ಇನ್ನೂರ ಎಂಬತ್ತೇಳು" ಅಂತ ಶುರು ಮಾಡಿ ಒಂದು ರೂಪಾಯಿ ಇಡಿ, "ಎಂಬತ್ತೆಂಟು". ಎರಡು ರೂಪಾಯಿ ಇಡಿ, "ತೊಂಬತ್ತು". ಹತ್ತರ ನೋಟು, "ಮುನ್ನೂರು". ಇನ್ನೂರರ ನೋಟು, "ಐನೂರು". ಮುಗೀತು. 213 ಅನ್ನುವ ಅಂಕಿ ಯಾರ ಬಾಯಿಗೂ ಬರಲಿಲ್ಲ, ಆದರೂ ಸರಿಯಾಗಿ ಅಷ್ಟೇ ಕೊಟ್ಟಿದ್ದೀರಿ. ಗಿರಾಕಿ ತಲೆ ಆಡಿಸಿದ ಮೇಲೆ ಆ ಐನೂರು ಪೆಟ್ಟಿಗೆ ಸೇರಬೇಕು.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಕೆಳಗಿನಿಂದ ಕೂಡಿಸುತ್ತಾ ಹೋದರೆ ನಾಣ್ಯ ಮೊದಲು ಅಂಗೈಗೆ ಬೀಳುತ್ತದೆ, ನೋಟು ಅದರ ಮೇಲೆ. ಗಿರಾಕಿ ಕೈ ಮುಚ್ಚಿದರೆ ಆಯಿತು. ಸ್ಕ್ರೀನ್ ನೋಡಿ ಕೊಡುವವರು ಮೊದಲು ಬಿಲ್ಲು, ಅದರ ಮೇಲೆ ಇನ್ನೂರು, ಅದರ ಮೇಲೆ ಹತ್ತು, ಕೊನೆಗೆ ನಾಣ್ಯ ಇಡುತ್ತಾರೆ. ಬಿಲ್ಲಿನ ಕಾಗದವೋ ನುಣ್ಣಗೆ. ನಾಣ್ಯ ಜಾರಿ ಟ್ರಾಲಿ ಕೆಳಗೆ ಓಡುತ್ತದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದ ತಾಯಿ ಏನು ಮಾಡಬೇಕು ಹೇಳಿ?

ಇನ್ನು ಕೆಲವರು 287ಕ್ಕೆ 507 ಕೊಡುತ್ತಾರೆ. ಹೊಸಬರು ಅಲ್ಲೇ ಗಾಬರಿಯಾಗಿ ಏಳು ರೂಪಾಯಿ ವಾಪಸ್ ತಳ್ಳುವುದನ್ನು ನೋಡಿದ್ದೇನೆ. ಗಾಬರಿ ಬೇಡ. ಎರಡೂ ಕಡೆಯಿಂದ ಏಳು ತೆಗೆಯಿರಿ, 280ಕ್ಕೆ 500 ಅಷ್ಟೆ. ಒಂದು ಇಪ್ಪತ್ತು, ಒಂದು ಇನ್ನೂರು ಕೊಟ್ಟು ಕಳಿಸಿ.

ಕ್ಯೂ ಬಗ್ಗೆ ಕೇಳಿದಿರಿ. ಎಣಿಸಲು ಬೇಕಾಗುವುದು ಕೆಲವೇ ಸೆಕೆಂಡು. "ನಾನು ಕೊಟ್ಟಿದ್ದು ಐನೂರು ಕಣ್ರೀ" ಅನ್ನುವ ಜಗಳ ಶುರುವಾದರೆ ಸಿಸಿಟಿವಿ ನೋಡೋವರೆಗೆ ಇಡೀ ಕ್ಯೂ ನಿಂತಿರುತ್ತದೆ.

ಪ್ರಶ್ನೆ: ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಚಿಲ್ಲರೆ ಎಣಿಸುವ ಮಾತು ಯಾಕೆ ಇನ್ನೂ?
— ಓದುಗ, ಬೆಂಗಳೂರು

ಉತ್ತರ: ಕೊಬ್ಬರಿ ಹರಾಜಿನ ದಿನ ನಮ್ಮೂರಿಗೆ ಬನ್ನಿ. ಸುತ್ತಲ ಹಳ್ಳಿಯವರು ಐನೂರರ ನೋಟು ಹಿಡಿದು ತಿಂಗಳ ಸಾಮಾನಿಗೆ ನಿಂತಿರುತ್ತಾರೆ.

ಅದಿರಲಿ, ಒಂದು ತಮಾಷೆ ಹೇಳುತ್ತೇನೆ. 2016ರಲ್ಲಿ ಯುಪಿಐ ಬಂತು. ಹಿಂದೆಯೇ ಅಂಗಡಿ ಅಂಗಡಿಗೂ ಒಂದು ಮಾತಾಡುವ ಡಬ್ಬಿ ಬಂತು. ನಮ್ಮಲ್ಲೂ ಇದೆ. ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲೇ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಯಾಕೆ ಬೇಕಾಯಿತು ಅದು? ಫೋನ್ ತೋರಿಸಿ "ಹಾಕಿದೀನಿ" ಅಂದರೆ ಅಂಗಡಿಯವನಿಗೆ ನಂಬಿಕೆ ಸಾಲಲಿಲ್ಲ. ಇಬ್ಬರಿಗೂ ಕೇಳುವ ಹಾಗೆ ಯಾರಾದರೂ ಅಂಕಿ ಹೇಳಬೇಕಿತ್ತು. ನಮ್ಮ ಮಾವನವರು ಬಾಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಈಗ ಡಬ್ಬಿ ಬಾಡಿಗೆ ಕಟ್ಟುತ್ತಿದ್ದೇವೆ.

ಪ್ರಶ್ನೆ: ನನ್ನದು ಸಣ್ಣ ಬೇಕರಿ. ಮೊನ್ನೆ ಒಬ್ಬ ಬನ್ನು ತಗೊಂಡು ಐನೂರು ಕೊಟ್ಟ. ಚಿಲ್ಲರೆ ಕೊಟ್ಟೆ. "ಓ, ನನ್ನ ಹತ್ರಾನೇ ಇಪ್ಪತ್ತು ರೂಪಾಯಿ ಇದೆ, ಐನೂರು ವಾಪಸ್ ಕೊಡಿ" ಅಂದ. ಅದರ ಮಧ್ಯೆ ನೂರರ ನೋಟಿಗೆ ಐವತ್ತು ಕೇಳಿದ, ಸಿಗರೇಟು ಕೇಳಿದ. ಹೋದ ಮೇಲೆ ನೋಡಿದರೆ ದುಡ್ಡು ಕಡಿಮೆ. ಏನಾಯಿತು ಅಂತಲೇ ತಿಳಿಯುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಅವನಿಗೆ ಬೇಕಾಗಿದ್ದೂ ಅದೇ, ನಿಮಗೆ ತಿಳಿಯಬಾರದು. ಇದು ಹಳೇ ಕೈಚಳಕ. ಒಂದು ವ್ಯಾಪಾರ ಮುಗಿಯುವ ಮೊದಲೇ ಇನ್ನೊಂದನ್ನು ಶುರು ಮಾಡುತ್ತಾರೆ, ಅದರೊಳಗೆ ಮೂರನೆಯದು. ಯಾವ ನೋಟು ಯಾವ ಲೆಕ್ಕದ್ದು ಅಂತ ನೀವು ಯೋಚಿಸುವಷ್ಟರಲ್ಲಿ ಅವನ ಕೈಯಲ್ಲಿ ಐನೂರೂ ಇರುತ್ತದೆ, ನೀವು ಕೊಟ್ಟ ಚಿಲ್ಲರೆಯಲ್ಲಿ ಅರ್ಧವೂ ಇರುತ್ತದೆ.

ಇಂಥವನು ಬಂದರೆ ಮುಖ ಗಂಟಿಕ್ಕಬೇಡಿ, ನಗುತ್ತಲೇ "ಸ್ವಲ್ಪ ತಡೀರಿ" ಅನ್ನಿ. ಕೊಟ್ಟ ಚಿಲ್ಲರೆಯನ್ನೆಲ್ಲ ಮೊದಲು ಹಲಗೆ ಮೇಲೆ ಇಡಿಸಿ. ಎಣಿಸಿ. ಪೂರ್ತಿ ಬಂದ ಮೇಲೆ ಮಾತ್ರ ಅವನ ಐನೂರು ವಾಪಸ್. ಆಮೇಲೆ ಬನ್ನಿನ ಇಪ್ಪತ್ತು. ಸಿಗರೇಟು ಅದಾದ ಮೇಲೆ. ಮೋಸಗಾರನಿಗೆ ಇಷ್ಟು ಪುರುಸೊತ್ತು ಇರುವುದಿಲ್ಲ, "ಬೇಡ ಬಿಡ್ರಿ" ಅಂತ ಹೊರಡುತ್ತಾನೆ.

ನೋಟಿನ ಕಟ್ಟು ತಗೊಳ್ಳುವಾಗಲೂ ಒಂದು ಎಚ್ಚರ ಇರಲಿ. ಒಂದು ನೋಟನ್ನು ನಡುವೆ ಮಡಚಿ ಕಟ್ಟಿನೊಳಗೆ ಇಟ್ಟರೆ, ಒಂದೇ ಅಂಚಿನಿಂದ ಎಣಿಸುವಾಗ ಅದು ಎರಡು ಅಂತ ಲೆಕ್ಕಕ್ಕೆ ಬರುತ್ತದೆ. ಕಟ್ಟನ್ನು ತಿರುಗಿಸಿ ಇನ್ನೊಂದು ಕಡೆಯಿಂದಲೂ ಎಣಿಸಿ. ಮಡಚಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಕಣ್ಣು ಮಂಜು. ಅಂಗಡಿಯವರು ನೋಟನ್ನೆಲ್ಲ ಒಟ್ಟಿಗೆ ಕೈಗೆ ತುರುಕುತ್ತಾರೆ. ನೂರು ಯಾವುದು, ಇನ್ನೂರು ಯಾವುದು ಗೊತ್ತಾಗುವುದಿಲ್ಲ.
— ಓದುಗಿ, ಮೈಸೂರು

ಉತ್ತರ: ನೋಟು ಅಚ್ಚಾಗುವ ಊರಿನವರೇ ಕೇಳಿದ್ದೀರಿ! ಬೆರಳಲ್ಲೇ ಗುರುತು ಹಿಡಿಯಬಹುದು ಅಕ್ಕ, ಸ್ವಲ್ಪ ಅಭ್ಯಾಸ ಬೇಕು. ಹೊಸ ನೂರರ ನೋಟಿನ ಮುಂಭಾಗದಲ್ಲಿ ಉಬ್ಬಿದ ತ್ರಿಕೋನ ಇರುತ್ತದೆ. ಐನೂರರಲ್ಲಿ ಉಬ್ಬಿದ ವೃತ್ತ. ಅಂಚಿನಲ್ಲಿ ಓರೆ ಗೆರೆಗಳೂ ಇವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಇನ್ನೂರಕ್ಕೂ ನಾಲ್ಕೇ ಗೆರೆ, ಆದರೆ ನಡುವೆ ಎರಡು ಸಣ್ಣ ಸುತ್ತು ಇರುತ್ತವೆ. ಗರಿ ನೋಟಿನಲ್ಲಿ ಚೆನ್ನಾಗಿ ತಾಗುತ್ತದೆ, ಸವೆದ ನೋಟಿನಲ್ಲಿ ಕಷ್ಟ.

ಉದ್ದದ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ. ನೂರು 142 ಮಿಲಿಮೀಟರ್, ಇನ್ನೂರು 146, ಐನೂರು 150. ನಾಲ್ಕು ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಅಂಗಡಿ ಮುಂದೆ ನಿಂತು ಯಾರು ಅಳೆಯುತ್ತಾರೆ? ಎರಡು ನೋಟು ಪಕ್ಕ ಪಕ್ಕ ಹಿಡಿದರೆ ಮಾತ್ರ ತಿಳಿಯುತ್ತದೆ. ಮೊಮ್ಮಕ್ಕಳು ಫೋನ್ ಕೊಡಿಸಿದ್ದರೆ ರಿಸರ್ವ್ ಬ್ಯಾಂಕಿನ ಮಣಿ ಅನ್ನುವ ಆ್ಯಪ್ ಹಾಕಿಸಿಕೊಳ್ಳಿ. 2020ರಲ್ಲಿ ಬಂದಿದ್ದು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದು ಅಂತ ಹೇಳುತ್ತದೆ.

ಇದೆಲ್ಲಕ್ಕಿಂತ ಸುಲಭದ್ದು, ಕೈ ಚಾಚಿ ನಿಂತು "ಒಂದೊಂದಾಗಿ ಹೇಳಿ ಕೊಡಪ್ಪ" ಅನ್ನುವುದು. ನಾಚಿಕೆ ಬೇಡ. ಹಾಗೆ ಕೇಳಿದರೆ ಯಾವ ಒಳ್ಳೆ ವ್ಯಾಪಾರಿಯೂ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೂ ಪಕ್ಕದ ಅಂಗಡಿ ಇದೆಯಲ್ಲ.

ಪ್ರಶ್ನೆ: ನಮ್ಮೂರ ಅಂಗಡಿಯಲ್ಲಿ ನನಗೆ ಚಿಲ್ಲರೆಯನ್ನು ಕೈಗೆ ಮುಟ್ಟಿಸುವುದಿಲ್ಲ. ಮೇಲಿಂದ ಬೀಳಿಸುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ ಮನೆಯವರು ಹೇಳುತ್ತಾರೆ.
— ಹೆಸರು, ಊರು ಬೇಡ ಎಂದಿದ್ದಾರೆ

ಉತ್ತರ: ಹಚ್ಚಿಕೊಳ್ಳಬೇಕಾದ ವಿಷಯವೇ ಇದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೆಲವು ಅಂಗಡಿಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಕೇರಿಯವರು ಬಂದರೆ ಬೆಲ್ಲದ ಪೊಟ್ಟಣವನ್ನು ಹಲಗೆ ಮೇಲಿಟ್ಟು ಕೈ ಎಳೆದುಕೊಳ್ಳುತ್ತಿದ್ದರು. ನಾಣ್ಯವನ್ನು ಗೇಣು ಮೇಲಿಂದ ಬಿಡುತ್ತಿದ್ದರು. ಒಂದು ಕೆಳಗೆ ಬಿದ್ದರೆ ಅವರೇ ಬಗ್ಗಿ ಹುಡುಕಿಕೊಳ್ಳಬೇಕು. ಅದೇ ಜನ ಕೊಟ್ಟ ದುಡ್ಡು ಮಾತ್ರ ಗಲ್ಲಾಪೆಟ್ಟಿಗೆಯಲ್ಲಿ ಎಲ್ಲರ ದುಡ್ಡಿನ ಜೊತೆ ಬೆರೆಯುತ್ತಿತ್ತು, ಆಗ ಯಾವ ಮೈಲಿಗೆಯೂ ಇಲ್ಲ.

ಆ ಅಂಗಡಿಯವನು ಎಲ್ಲರಿಗೂ ಹಲಗೆ ಮೇಲೆ ಇಡುತ್ತಾನಾ, ನಿಮ್ಮ ಕೇರಿಯವರಿಗೆ ಮಾತ್ರ ಬೀಳಿಸುತ್ತಾನಾ ಗಮನಿಸಿ. ನಿಮಗೆ ಮಾತ್ರ ಅಂತಾದರೆ ಅದು ಅಸ್ಪೃಶ್ಯತೆ. ಸಂವಿಧಾನದ 17ನೇ ವಿಧಿ ಅದನ್ನು ತೆಗೆದುಹಾಕಿದೆ, 1955ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಅದು ಶಿಕ್ಷೆಯಾಗುವ ಅಪರಾಧ. ಒಬ್ಬರೇ ಹೋಗಬೇಡಿ, ಇಬ್ಬರು ಸಾಕ್ಷಿ ಜೊತೆಗಿರಲಿ. ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಅಥವಾ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ಕೊಡಿ. ಮುಂದೇನಾಯಿತು ಅಂತ ನನಗೂ ಒಂದು ಸಾಲು ಬರೆಯಿರಿ.

ಪ್ರಶ್ನೆ: ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಮರೆತೇ ಹೋಗುತ್ತದೆ. ಇದು ಬೇಕಂತಲೇ ಮಾಡುವುದಲ್ವಾ?
— ವಿದ್ಯಾರ್ಥಿ, ಹಾಸನ

ಉತ್ತರ: ಎಲ್ಲರೂ ಹಾಗಲ್ಲ ಮಗು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಹತ್ತಿದವರೆಲ್ಲ ನೂರು, ಇನ್ನೂರು ಚಾಚಿದರೆ ಅವರು ಎಲ್ಲಿಂದ ತರಬೇಕು? ಮನೆಯಿಂದ ಧಾರಾಳವಾಗಿ ತರೋಣ ಅಂದರೆ, ಡ್ಯೂಟಿಗೆ ಹತ್ತುವಾಗ ಕೈಯಲ್ಲಿರುವ ಸ್ವಂತ ದುಡ್ಡನ್ನೂ ಬರೆದು ತೋರಿಸಬೇಕು. ತಪಾಸಣೆಯವರು ಬಂದರೆ ಕಡಿಮೆ ಇದ್ದರೂ ಕೇಳುತ್ತಾರೆ, ಜಾಸ್ತಿ ಇದ್ದರೂ ಕೇಳುತ್ತಾರೆ.

ನೀವು ಇಳಿಯುವ ಎರಡು ಸ್ಟಾಪ್ ಮೊದಲೇ ಎದ್ದು ಹೋಗಿ ಟಿಕೆಟ್ ತೋರಿಸಿ. ಟಿಕೆಟ್ಟನ್ನು ಪರ್ಸಿನೊಳಗೆ ಹಾಕಬೇಡಿ, ಕೈಯಲ್ಲೇ ಇರಲಿ. ಇನ್ನು, "ನೀವಿಬ್ರೂ ಹಂಚ್ಕೊಳ್ಳಿ" ಅಂತ ಗುರುತಿಲ್ಲದ ಇಬ್ಬರಿಗೆ ಸೇರಿಸಿ ಒಂದೇ ನೋಟು ಕೊಡುವ ಕಂಡಕ್ಟರ್ ಸಿಕ್ಕರೆ, ನೋಟು ನಿಮ್ಮ ಕೈಗೇ ಬರುವ ಹಾಗೆ ನೋಡಿಕೊಳ್ಳಿ. ಆಗ ನಿಮ್ಮನ್ನು ಹುಡುಕಿಕೊಂಡು ಬರುವ ಕಷ್ಟ ಇನ್ನೊಬ್ಬರದು.

ಪ್ರಶ್ನೆ: ಮಗಳ ಮನೆಗೆ ಅಮೆರಿಕಕ್ಕೆ ಬಂದಿದ್ದೇನೆ. ಇಲ್ಲಿ ಅಂಗಡಿಯವರು ಒಂದು ಮಾತೂ ಆಡದೆ ಚಿಲ್ಲರೆ ಕೈಗೆ ಸುರಿಯುತ್ತಾರೆ. ಇವರಿಗೆ ಎಣಿಸುವ ಪದ್ಧತಿ ಇರಲೇ ಇಲ್ಲವೇ?
— ಓದುಗರು, ನ್ಯೂಜೆರ್ಸಿಯಿಂದ

ಉತ್ತರ: ಇತ್ತು. ಕೂಡಿಸುತ್ತಾ ಎಣಿಸಿ ಕೊಡುವುದನ್ನು ಅಲ್ಲೂ ಕೆಲಸಕ್ಕೆ ಸೇರಿದವರಿಗೆ ಕಲಿಸುತ್ತಿದ್ದರು. ಮೆಷಿನ್ನೇ ಬಾಕಿ ತೋರಿಸಲು ಶುರುಮಾಡಿದ ಮೇಲೆ ಬಿಟ್ಟುಹೋಯಿತು. ಗಲ್ಲಾ ಮೆಷಿನ್ ಹುಟ್ಟಿದ್ದೂ ಅಲ್ಲೇ. ಓಹಿಯೋದ ಡೇಟನ್ ಊರಿನಲ್ಲಿ ಜೇಮ್ಸ್ ರಿಟ್ಟಿ ಅನ್ನುವ ಸಾರಾಯಿ ಅಂಗಡಿ ಮಾಲೀಕ 1879ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಲೆಕ್ಕ ಸುಲಭವಾಗಲಿ ಅಂತ ಅಲ್ಲ, ಕೆಲಸದವರು ದುಡ್ಡನ್ನು ಜೇಬಿಗೆ ಇಳಿಸಬಾರದು ಅಂತ. ಒಂದು ಸೆಂಟಿನ ನಾಣ್ಯವನ್ನು ಚಲಾವಣೆಗೆ ಹೊಸದಾಗಿ ಅಚ್ಚು ಹಾಕುವುದನ್ನು 2025ರ ನವೆಂಬರ್‌ನಲ್ಲಿ ಅವರು ನಿಲ್ಲಿಸಿದ್ದಾರೆ. ಕೈಗೆ ಸಿಕ್ಕರೆ ಮೊಮ್ಮಕ್ಕಳಿಗೆ ಒಂದೆರಡು ಎತ್ತಿಡಿ.

ಪ್ರಶ್ನೆ: ಹತ್ತು ರೂಪಾಯಿ ನಾಣ್ಯ ಕೊಟ್ಟರೆ ನಮ್ಮಲ್ಲಿ ಯಾರೂ ತಗೊಳ್ಳುವುದಿಲ್ಲ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಅಂತಾರೆ. ಎರಡು ರೂಪಾಯಿ ಚಿಲ್ಲರೆಗೆ ಮಾತ್ರ ಅವರೇ ಚಾಕೊಲೇಟ್ ಕೊಡುತ್ತಾರೆ!
— ಓದುಗ, ಚಿತ್ರದುರ್ಗ

ಉತ್ತರ: ರೂಪಾಯಿ ಚಿಹ್ನೆ ಬಂದಿದ್ದೇ 2010ರಲ್ಲಿ. ಅದಕ್ಕಿಂತ ಹಿಂದಿನ ನಾಣ್ಯದಲ್ಲಿ ಹೇಗೆ ಇರಬೇಕು? ಹತ್ತರ ನಾಣ್ಯ 14 ಬಗೆಯಲ್ಲಿ ಬಂದಿದೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ರದ್ದಾಗಿರುವುದು ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು, ಅದೂ 2011ರ ಜೂನ್‌ನಲ್ಲಿ. ಎಂಟಾಣೆ ಕೂಡ ಕಾನೂನಿನಲ್ಲಿ ಇನ್ನೂ ಜೀವಂತ, ಅಂಗಡಿಗಳಲ್ಲಿ ಮಾತ್ರ ಸತ್ತಿದೆ.

ಚಾಕೊಲೇಟ್ ದುಡ್ಡಲ್ಲ, ಬೇಡ ಅನ್ನಿ. ನನ್ನ ಮಗ ಒಂದು ಸಲ ಒಬ್ಬ ಅಜ್ಜನಿಗೆ ಹೀಗೇ ಎರಡು ಚಾಕೊಲೇಟ್ ಕೊಟ್ಟ. ಮಾರನೇ ದಿನ ಆ ಅಜ್ಜ ಬಂದು ಬೆಂಕಿಪೊಟ್ಟಣ ಕೇಳಿ, ಅದೇ ಎರಡು ಚಾಕೊಲೇಟನ್ನು ಹಲಗೆ ಮೇಲೆ ಇಟ್ಟು "ಎಣಿಸ್ಕೋ" ಅಂದರು. ಅವನು ತಗೊಂಡ, ಏನು ಮಾಡುತ್ತಾನೆ? ಅವತ್ತಿನಿಂದ ಗಲ್ಲಾದಲ್ಲಿ ಒಂದು, ಎರಡರ ನಾಣ್ಯಕ್ಕೆ ಬೇರೆ ಡಬ್ಬಿ ಇಟ್ಟಿದ್ದಾನೆ.

(ಹರಿದ ನೋಟಿನ ಬಗ್ಗೆ ಬಂದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ನೋಟನ್ನೇ ಲಕೋಟೆಯಲ್ಲಿ ಹಾಕಿ ಕಳಿಸಬೇಡಿ, ದಯವಿಟ್ಟು.)