ಬೇಸಿಗೆ ರಜೆಗೆ ಮಗನಿಗೆ ಡಕ್‌ಟೇಲ್ಸ್ ರೀಮಾಸ್ಟರ್ಡ್ ಗೇಮ್ ಕೊಡಿಸಬಹುದಾ?

ಕೊಡಿಸಿ. ಕಲಬುರಗಿಯ ಮೇ ಬಿಸಿಲಲ್ಲಿ ಮಧ್ಯಾಹ್ನ ಹುಡುಗರು ಹೊರಗೆ ಹೋಗೋದು ಅಷ್ಟರಲ್ಲೇ ಇದೆ ಅಲ್ವಾ!

ದೂರದರ್ಶನದಲ್ಲಿ ಬರುತ್ತಿದ್ದ ಡಿಸ್ನಿ ಕಾರ್ಟೂನ್ ಮೇಲೆ ಜಪಾನಿನ ಗೇಮ್ ಕಂಪನಿ ಕ್ಯಾಪ್‌ಕಾಮ್ 1989ರಲ್ಲಿ ಮಾಡಿದ ಆಟ ಇದು. 2013ರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ಬಂತು. ಇದರ ಜೀವಾಳ ಕಥಾನಾಯಕ ಬಾತುಕೋಳಿ ಸ್ಕ್ರೂಜ್ ಅಜ್ಜನ ಊರುಗೋಲು. ಅದನ್ನೇ ಸ್ಪ್ರಿಂಗ್ ಥರ ಊರಿ ಹಾರಬೇಕು. ಶತ್ರುವಿನ ತಲೆ ಮೇಲೆ, ಮುಳ್ಳಿನ ಮೇಲೆ, ಬಹುತೇಕ ಎಲ್ಲಿ ಬೇಕಾದರೂ ಪುಟಿಯಬಹುದು. ಕೈಗೆ ಹಿಡಿತ ಸಿಕ್ಕ ಮೇಲೆ ಬಿಡೋಕೆ ಮನಸ್ಸಾಗುವುದಿಲ್ಲ. ಅಮೆಜಾನ್, ಹಿಮಾಲಯ, ಚಂದ್ರ ಹೀಗೆ ಐದು ಜಾಗಗಳನ್ನು ಇಷ್ಟಬಂದ ಕ್ರಮದಲ್ಲಿ ಆಡಬಹುದು. ಚಂದ್ರನ ಹಂತದ ಸಂಗೀತಕ್ಕಂತೂ ಸಾಟಿಯಿಲ್ಲ.

ಕೊರತೆಯೂ ಇದೆ. ನಡುನಡುವೆ ಪಾತ್ರಗಳು ಜಾಸ್ತಿ ಮಾತಾಡುತ್ತವೆ, ಅದೂ ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಜಾರಾದೀತು. ಆಟವನ್ನು ಕ್ಷಣ ತಡೆದು (ಪಾಜ್ ಮಾಡಿ) ಆ ದೃಶ್ಯ ದಾಟಿಸಬಹುದು, ಮೊದಲೇ ಹೇಳಿಕೊಡಿ. ಜೀವಗಳೆಲ್ಲ ಮುಗಿದರೆ ಆ ಹಂತವನ್ನು ಮೊದಲಿಂದ ಆಡಬೇಕು. ಹಂತದ ಕೊನೆಯ ದೊಡ್ಡ ಶತ್ರು, ಅಂದರೆ ಬಾಸ್ ಹತ್ತಿರ ಹೋಗಿ ಸತ್ತರೆ ಮಗ ರಿಮೋಟ್ ಎಸೆದಾನು, ಹುಷಾರು! ಸುಮ್ನೆ ಈಸಿ (ಸುಲಭ) ಮಟ್ಟದಲ್ಲೇ ಶುರು ಮಾಡಿಸಿ. ಆಟ ಚಿಕ್ಕದು, ರಜೆ ಪೂರ್ತಿ ಬರುವುದಿಲ್ಲ. ಹಾಗಾಗಿ ಪೂರ್ತಿ ಬೆಲೆ ಕೊಡಬೇಡಿ, ಆಫರ್ ಬಂದಾಗ ತಗೊಳ್ಳಿ.