ಏಳು ರಾತ್ರಿಯ ಗ್ರೀಸ್: ಎಲ್ಲಿ ಉಳಿಯಬೇಕು, ಯಾವುದನ್ನು ಬಿಡಬೇಕು?

ಈ ಸಂಚಿಕೆಯ ಪ್ರವಾಸ ಪ್ರಶ್ನೋತ್ತರಕ್ಕೆ ನಮ್ಮ ಜಿಲ್ಲೆಯಿಂದಲೇ ಗ್ರೀಸ್ ದೇಶದ ಕುರಿತು ಹಲವು ಪತ್ರಗಳು ಬಂದಿರುವುದರಿಂದ, ಅವುಗಳಿಗೆ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಶಿರಸಿ ಸಮೀಪದ ಅಡಿಕೆ ಬೆಳೆಗಾರರು. ನಾನು, ನನ್ನ ಯಜಮಾನರು ಮತ್ತು 68 ವರ್ಷದ ಆಯಿ ಸೇರಿ ಏಳು ರಾತ್ರಿಗಳ ಮಟ್ಟಿಗೆ ಗ್ರೀಸ್‌ಗೆ ಹೋಗಬೇಕೆಂದಿದ್ದೇವೆ. ಪ್ರವಾಸ ಏರ್ಪಡಿಸುವವರೊಬ್ಬರು ಅಥೆನ್ಸ್, ಡೆಲ್ಫಿ, ಮೆಟಿಯೋರಾ, ಮೈಕೊನೋಸ್, ಸ್ಯಾಂಟೊರಿನಿ, ಕ್ರೀಟ್ ಎಲ್ಲವನ್ನೂ ತೋರಿಸುತ್ತೇವೆಂದು ಪಟ್ಟಿ ಕೊಟ್ಟಿದ್ದಾರೆ. ಆಯಿಗೆ ಮೊಣಕಾಲು ನೋವಿದೆ. ಒಂದಾದರೂ ದ್ವೀಪ ನೋಡಬೇಕೆಂಬ ಆಸೆ ಮೂವರಿಗೂ ಇದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವ ತಿಂಗಳಲ್ಲಿ ಹೋಗಬೇಕು?
— ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಏಳು ರಾತ್ರಿಗಳಲ್ಲಿ ಆರು ಊರು ಎಂದರೆ ದಿನವೂ ಚೀಲ ಕಟ್ಟುವುದೇ ಕೆಲಸವಾಗುತ್ತದೆ. ಒಂದು ಊರಿನ ಕೋಣೆ ಬಿಟ್ಟು ಇನ್ನೊಂದು ಊರಿನ ಕೋಣೆ ಸೇರುವುದಕ್ಕೆ, ದಾರಿ ಎಷ್ಟೇ ಹತ್ತಿರವಿರಲಿ, ಅರ್ಧ ದಿನ ಹೋಗುತ್ತದೆ. ನಡುವೆ ಸಮುದ್ರವಿದ್ದರೆ ಇಡೀ ದಿನವೇ ಹೋದೀತು. ಬಂದಿಳಿದ ರಾತ್ರಿಯೊಂದನ್ನು ಬಿಟ್ಟರೆ, ಉಳಿದ ಆರು ರಾತ್ರಿಗೆ ಎರಡೇ ಊರು ಸಾಕೆಂದು ಮೊದಲು ತೀರ್ಮಾನಿಸಿಕೊಂಡರೆ ಮುಂದಿನ ಆಯ್ಕೆ ಸುಲಭವಾಗುತ್ತದೆ.

ಕ್ರೀಟ್ ದ್ವೀಪದ ವಿಸ್ತೀರ್ಣ ಸುಮಾರು 8,300 ಚದರ ಕಿಲೋಮೀಟರು, ಉದ್ದ ಸುಮಾರು 260 ಕಿಲೋಮೀಟರು. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಜೋಯಿಡಾದಿಂದ ಭಟ್ಕಳದವರೆಗೆ ಒಂದೂವರೆ ದಿನದಲ್ಲಿ ತೋರಿಸುತ್ತೇವೆಂದು ಯಾರಾದರೂ ಹೊರಗಿನವರಿಗೆ ಹೇಳಿದರೆ ನಾವು ಒಪ್ಪುತ್ತೇವೆಯೇ? ಕ್ರೀಟಿಗೇ ಪ್ರತ್ಯೇಕ ಪ್ರವಾಸ ಬೇಕು. ಮೆಟಿಯೋರಾ ಅಥೆನ್ಸಿನಿಂದ ಸುಮಾರು 350 ಕಿಲೋಮೀಟರು ದೂರ. ಯಾಣದ ಬಂಡೆಗಳನ್ನು ಕಂಡವರಿಗೆ, ಅಂಥ ಹಲವಾರು ಬಂಡೆಗಳ ನೆತ್ತಿಯ ಮೇಲೆ ಮಠಗಳನ್ನು ಕಟ್ಟಿರುವ ಆ ದೃಶ್ಯ ಎಷ್ಟು ಹತ್ತಿರವೆನಿಸುತ್ತದೆಂದು ನಾನು ಬಲ್ಲೆ. ಆದರೆ ಅಲ್ಲಿ ಬಹುತೇಕ ಮಠಗಳಿಗೆ ಮೆಟ್ಟಿಲುಗಳಿವೆ. ಆಯಿಯನ್ನು ಕೆಳಗೆ ಕೂರಿಸಿ ನೀವಿಬ್ಬರೇ ಹತ್ತುವುದಾದರೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಡೆಲ್ಫಿಯನ್ನು ಬಿಡಿ ಎನ್ನಲು ನನಗೆ ಸಂಕಟವಾಗುತ್ತದೆ. ಪರ್ನಾಸಸ್ ಪರ್ವತದ ಇಳಿಜಾರಿನಲ್ಲಿರುವ ಅಪೊಲೊ ದೇವಸ್ಥಾನದ ಆ ಜಾಗಕ್ಕೆ ಅಥೆನ್ಸಿನಿಂದ ಬಸ್ಸಿನಲ್ಲಿ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ, ನಡುವೆ ಪೂರ್ತಿ ಏರುದಾರಿ. ಈ ಸಲಕ್ಕೆ ಅದೂ ಬೇಡ. ಮೈಕೊನೋಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿನ ರಾತ್ರಿಯ ಗದ್ದಲಕ್ಕೂ ದುಬಾರಿ ಬೆಲೆಗೂ ನಿಮ್ಮ ಮೂವರ ಪ್ರವಾಸಕ್ಕೂ ಹೊಂದಾಣಿಕೆಯಾಗದು.

ಸ್ಯಾಂಟೊರಿನಿಯ ವಿಚಾರದಲ್ಲಿ ಮಾತ್ರ ತಡೆದು ಯೋಚಿಸಬೇಕು. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಸಿಡಿದ ಜ್ವಾಲಾಮುಖಿಯ ಬಾಯಿಗೆ ಸಮುದ್ರ ನುಗ್ಗಿ ನಿಂತಿರುವ ಆ ನೋಟಕ್ಕೆ ಸಾಟಿಯಾದದ್ದು ಬೇರೆ ಇಲ್ಲ. ಆದರೆ ಅಲ್ಲಿನ ಬಿಳಿ ಮನೆಗಳು ಕಡಿದಾದ ಬಂಡೆಯ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ; ನೋಟವಿರುವ ಕೋಣೆ ಎಂದರೆ ಮೆಟ್ಟಿಲಿರುವ ಕೋಣೆ ಎಂದೇ ತಿಳಿಯಬೇಕು. ಸಂಜೆ ಸೂರ್ಯಾಸ್ತ ನೋಡಲು ಇಯಾ ಎಂಬ ಊರಿನ ಓಣಿಗಳಲ್ಲಿ ಸೇರುವ ಜನಸಂದಣಿಯಲ್ಲಿ ವಯಸ್ಸಾದವರಿಗೆ ಕೂರಲು ಜಾಗ ಸಿಗುವುದಿಲ್ಲ. 2025ರ ಆರಂಭದಲ್ಲಿ ಅಲ್ಲಿ ವಾರಗಟ್ಟಲೆ ಭೂಮಿ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟು ಹೋಗಿದ್ದರು. ಮುಂಗಡ ಕಾಯ್ದಿರಿಸುವ ಯಾರೇ ಆದರೂ ಆಗಿನ ಸ್ಥಿತಿಯನ್ನು ವಿಚಾರಿಸಿಕೊಂಡೇ ಹಣ ಕಟ್ಟಬೇಕು.

ನಿಮಗೆ ನನ್ನ ಸಲಹೆ ನಾಕ್ಸೋಸ್ ದ್ವೀಪ ಮತ್ತು ಅಥೆನ್ಸ್. ವಿಮಾನ ಇಳಿದ ದಿನ ಮೆಟ್ರೋ ಹಿಡಿದು ನೇರವಾಗಿ ಪಿರೇಯಸ್ ಬಂದರಿಗೆ ಹೋಗಿ ಅಲ್ಲಿಯೇ ಒಂದು ರಾತ್ರಿ ತಂಗಿರಿ; ಮರುದಿನ ಬೆಳಿಗ್ಗೆ ದೊಡ್ಡ ಫೆರಿ ಹತ್ತಿದರೆ ಐದು ಗಂಟೆಗೆ ಸ್ವಲ್ಪ ಹೆಚ್ಚಿನ ಸಮಯದಲ್ಲಿ ನಾಕ್ಸೋಸ್ ಸೇರುತ್ತೀರಿ. ತದಡಿಯಿಂದ ಅಘನಾಶಿನಿಗೆ ದಾಟುವ ಬಾರ್ಜನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ, ಹೊಟ್ಟೆಯೊಳಗೆ ಲಾರಿಗಳನ್ನು ತುಂಬಿಕೊಂಡ ಏಳೆಂಟು ಅಂತಸ್ತಿನ ಆ ಹಡಗೇ ಒಂದು ಊರಿನಂತೆ ಕಾಣುತ್ತದೆ. ನಾಕ್ಸೋಸಿನಲ್ಲಿ ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಪಾಟಾದ ಕಡಲತೀರವಿದೆ. ಅದರ ಪಕ್ಕದ ವಸತಿಯನ್ನೇ ಆರಿಸಿಕೊಳ್ಳಿ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಕಟ್ಟಲು ಹೊರಟು ಅರ್ಧಕ್ಕೇ ನಿಂತ ದೇವಸ್ಥಾನದ ಅಮೃತಶಿಲೆಯ ಬಾಗಿಲು ಚೌಕಟ್ಟೊಂದು ಬಂದರಿನ ಪಕ್ಕದ ಗುಡ್ಡೆಯ ಮೇಲೆ ಒಂಟಿಯಾಗಿ ನಿಂತಿದೆ. ಸಂಜೆ ಅದರೊಳಗಿಂದ ಸಮುದ್ರ ಕಾಣುವುದನ್ನು ನೋಡಲು ಆಯಿ ನಿಧಾನವಾಗಿ ಹತ್ತಬಲ್ಲರು. ಈ ದ್ವೀಪದವರು ಆಲೂಗಡ್ಡೆ ಬೆಳೆಯುತ್ತಾರೆ, ದನ ಸಾಕುತ್ತಾರೆ, ಚೀಸ್ ಮಾಡುತ್ತಾರೆ. ತೋಟದ ಮನೆಯವರಾದ ನಿಮಗೆ ಒಳನಾಡಿನ ಹಳ್ಳಿಗಳು ಹಿಡಿಸುತ್ತವೆ.

ಅಲ್ಲಿ ಮೂರು ರಾತ್ರಿ ಕಳೆದು ಕೊನೆಯ ಮೂರು ರಾತ್ರಿಗೆ ಅಥೆನ್ಸ್ ಸೇರಿಕೊಳ್ಳಿ. ದ್ವೀಪ ಮೊದಲು, ಅಥೆನ್ಸ್ ಕೊನೆಗೆ ಎಂಬ ಈ ಅನುಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಗಾಳಿ ಜೋರಾದರೆ ಬಂದರಿನ ಅಧಿಕಾರಿಗಳು ಫೆರಿಗಳನ್ನು ನಿಲ್ಲಿಸಿಬಿಡುತ್ತಾರೆ. ನಾನೊಮ್ಮೆ ಆಗಸ್ಟ್ ತಿಂಗಳಲ್ಲಿ, ವಿಮಾನದ ಹಿಂದಿನ ದಿನ, ನಾಕ್ಸೋಸಿನ ಬಂದರಿನಲ್ಲಿ ಸಿಕ್ಕಿಬಿದ್ದಿದ್ದೆ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಹೋಟೆಲಿನ ಹುಡುಗ ಮೇಜಿನ ಮೇಲಿನ ಕಾಗದದ ಹಾಸು ಹಾರದಂತೆ ನಾಲ್ಕೂ ಅಂಚಿಗೆ ತಗಡಿನ ಕ್ಲಿಪ್ಪು ಸಿಕ್ಕಿಸುತ್ತಿದ್ದ, ಸಿಕ್ಕಿಸಿದ್ದು ಕಿತ್ತುಹೋಗುತ್ತಿತ್ತು. ಗಾಳಿ ಎಂದರೆ ಮೋಡ ಮಳೆ ಎಂದೇ ತಿಳಿದ ಕರಾವಳಿಯವನಾದ ನನಗೆ, ಇಷ್ಟು ತಿಳಿಯಾದ ಬಿಸಿಲಿನಲ್ಲಿ ಹಡಗು ಬರುವುದಿಲ್ಲವೆಂಬುದನ್ನು ನಂಬಲು ಸಂಜೆಯವರೆಗೆ ಬೇಕಾಯಿತು. ವಿಮಾನ ತಪ್ಪಿತು, ಹೊಸ ಟಿಕೆಟ್ಟಿಗೆ ಹಣ ತೆತ್ತೆ. ಅಂದಿನಿಂದ ಯಾರು ಕೇಳಿದರೂ ಕೊನೆಯ ರಾತ್ರಿಗಳನ್ನು ಅಥೆನ್ಸಿನಲ್ಲೇ ಇಡಿ ಎನ್ನುತ್ತೇನೆ.

ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಬೆಟ್ಟಕ್ಕೆ ಗೊತ್ತುಪಡಿಸಿದ ಸಮಯದ ಟಿಕೆಟ್ಟನ್ನು ಮುಂಚಿತವಾಗಿ ಕೊಳ್ಳಬೇಕು. 2025ರ ಏಪ್ರಿಲ್‌ನಿಂದ ಅದರ ದರ 30 ಯೂರೊ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತನ್ನೇ ಆರಿಸಿಕೊಳ್ಳಿ. ಮೇಲೆ ಹಾಸಿರುವ ಕಲ್ಲು ಶತಮಾನಗಳ ತುಳಿತಕ್ಕೆ ನುಣುಪಾಗಿದೆ, ಚಪ್ಪಲಿ ಜಾರುತ್ತದೆ. ಹತ್ತಲು ಆಯಿಗೆ ಆಗದಿದ್ದರೆ ಅದಕ್ಕಾಗಿ ಅವರು ಕೊರಗಬೇಕಾಗಿಲ್ಲ. ಬೆಟ್ಟದ ಬುಡದಲ್ಲಿ 2009ರಲ್ಲಿ ತೆರೆದ ಅಕ್ರೊಪೊಲಿಸ್ ವಸ್ತುಸಂಗ್ರಹಾಲಯವಿದೆ, ಒಳಗೆ ಲಿಫ್ಟ್ ಇದೆ. ಅದರ ಮೇಲಂತಸ್ತನ್ನು ಬೆಟ್ಟದ ಮೇಲಿನ ಪಾರ್ಥೆನಾನ್ ದೇವಸ್ಥಾನ ನಿಂತಿರುವ ದಿಕ್ಕಿಗೇ ಸರಿಯಾಗಿ ತಿರುಗಿಸಿ, ಸುತ್ತಲೂ ಗಾಜು ಹಾಕಿ ಕಟ್ಟಿದ್ದಾರೆ. ಅಲ್ಲಿ ಕುಳಿತರೆ ಎದುರಿಗೆ ದೇವಸ್ಥಾನ, ಪಕ್ಕದಲ್ಲಿ ಅದರದೇ ಶಿಲ್ಪಪಟ್ಟಿಕೆ. ಆ ಪಟ್ಟಿಕೆಯಲ್ಲಿ ಜೇನಿನ ಬಣ್ಣಕ್ಕೆ ತಿರುಗಿದವು ಮೂಲ ಕಲ್ಲುಗಳು; ಸುಣ್ಣದಂತೆ ಬೆಳ್ಳಗಿರುವವು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎಲ್ಗಿನ್ ಎಂಬ ಬ್ರಿಟಿಷ್ ರಾಯಭಾರಿ ಸಾಗಿಸಿ ಈಗ ಲಂಡನ್ನಿನಲ್ಲಿರುವ ಕಲ್ಲುಗಳ ಅಚ್ಚುಗಳು. ಒಂದೇ ಮೆರವಣಿಗೆಯಲ್ಲಿ ಕುದುರೆಯ ತಲೆ ಒಂದು ಬಣ್ಣ, ಮೈ ಇನ್ನೊಂದು ಬಣ್ಣವಾಗಿರುವುದನ್ನು ನೋಡಿದಾಗ ಏನು ಕಳೆದುಹೋಗಿದೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಈ ಒಂದು ಕೋಣೆಗೆ ಎರಡು ಗಂಟೆ ಮೀಸಲಿಡಿ.

ತಿಂಗಳಿನ ವಿಚಾರದಲ್ಲಿ ನೀವು ಅದೃಷ್ಟವಂತರು. ಕೊಳೆ ಔಷಧ ಹೊಡೆದು ಮುಗಿದು ಕೊನೆಕೊಯ್ಲು ಶುರುವಾಗುವ ಮೊದಲು ತೋಟದಿಂದ ಸಿಗುವ ಬಿಡುವು, ಅಂದರೆ ಸೆಪ್ಟೆಂಬರ್ ಕೊನೆಯ ವಾರಗಳು, ಗ್ರೀಸಿನಲ್ಲೂ ಒಳ್ಳೆಯ ಕಾಲ. ಗಾಳಿ ತಗ್ಗಿರುತ್ತದೆ, ಬಿಸಿಲಿನ ಉರಿ ಇಳಿದಿರುತ್ತದೆ, ಬೇಸಿಗೆಯಿಡೀ ಕಾದ ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಗ್ರೀಸಿನಲ್ಲಿ ಒಂದು ವಾರ ಬ್ರೆಡ್ಡು ಹಣ್ಣಿನಲ್ಲೇ ಕಳೆಯಬೇಕಾದೀತೇ?
— ಓದುಗರೊಬ್ಬರು, ಸಿದ್ದಾಪುರ

ಉತ್ತರ: ಖಂಡಿತ ಇಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಹಲವು ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ವ್ರತ ಮಾಡುತ್ತಾರೆ. ಆ ವ್ರತದ ಅಡುಗೆಗೆ ‘ನಿಸ್ತಿಸಿಮೊ’ ಎನ್ನುತ್ತಾರೆ. ಈ ಪದವನ್ನು ಕಲಿತುಕೊಳ್ಳಿ. ಆದರೆ ಒಂದು ಎಚ್ಚರಿಕೆ: ಸಿಗಡಿ, ಬೊಂಡಾಸ, ಅಷ್ಟಪದಿಗಳು ಅವರ ವ್ರತಕ್ಕೆ ನಡೆಯುತ್ತವೆ, ಆದ್ದರಿಂದ ಅವು ಬೇಡವೆಂದು ಬೇರೆಯಾಗಿ ಹೇಳಬೇಕು. ಸಸ್ಯಾಹಾರಿಗೆ ಅವರ ಮಾತು ‘ಹೊರ್ಟೊಫಾಗೊಸ್’, ಸೊಪ್ಪು ತಿನ್ನುವವನು ಎಂದೇ ಅರ್ಥ. ‘ಫಾವಾ’ ಎಂಬುದು ಹಳದಿ ಬೇಳೆಯನ್ನು ಬೇಯಿಸಿ ಮಸೆದು ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿದ ಪದಾರ್ಥ. ಗಟ್ಟಿ ತೊವ್ವೆಯೆಂದುಕೊಂಡರೆ ಸರಿ. ‘ಹೊರ್ತಾ’ ಎಂದರೆ ಗುಡ್ಡದಲ್ಲಿ ಆಯ್ದ ಸೊಪ್ಪನ್ನು ಬೇಯಿಸಿ ನಿಂಬೆರಸ ಹಿಂಡಿದ್ದು. ತಂಬುಳಿಗಾಗಿ ಬೆಟ್ಟದ ಕುಡಿ ಚಿವುಟುವ ನಮ್ಮವರಿಗೆ ಆ ಕಹಿ ರುಚಿ ಹೊಸದಲ್ಲ. ದೊಡ್ಡ ಬಿಳಿ ಅವರೆಯಂಥ ಕಾಳನ್ನು ಟೊಮೆಟೊದಲ್ಲಿ ಬೇಯಿಸಿದ ‘ಗಿಗಾಂಟೆಸ್’ ಹೊಟ್ಟೆ ತುಂಬಿಸುತ್ತದೆ. ಅನ್ನ ತುಂಬಿದ ಟೊಮೆಟೊ ಮತ್ತು ದ್ರಾಕ್ಷಿ ಎಲೆಗಳಲ್ಲಿ ಕೆಲವೊಮ್ಮೆ ಕೊಚ್ಚಿದ ಮಾಂಸವಿರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಫೆಟಾ ಚೀಸನ್ನು ಸಾಂಪ್ರದಾಯಿಕವಾಗಿ ಒಡೆಸುವುದು ಕುರಿ, ಮೇಕೆ ಮರಿಗಳ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಕಟ್ಟುನಿಟ್ಟಿನವರಿಗೆ ಇದು ತಿಳಿದಿರಲಿ.

ಪ್ರಶ್ನೆ: ಬೈತಖೋಲದಲ್ಲಿ ನಮ್ಮ ಬೋಟು ಇದೆ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಾತ್ರ ನನಗೆ ಬಿಡುವು. ಆಗ ಐದು ದಿನಕ್ಕೆ ಗ್ರೀಸ್‌ಗೆ ಹೋಗುವುದು ಸರಿಯೇ?
— ಓದುಗರೊಬ್ಬರು, ಕಾರವಾರ

ಉತ್ತರ: ಜೂನ್ ಮೊದಲ ಹದಿನೈದು ದಿನಗಳಲ್ಲಿ ಹೋಗಿ. ನಮ್ಮಲ್ಲಿ ಮಳೆ ಸುರಿಯುವಾಗ ಅಲ್ಲಿ ಒಣ ಬೇಸಿಗೆ. ಅವರ ಮಳೆಯೆಲ್ಲ ಚಳಿಗಾಲಕ್ಕೆ. ಜುಲೈನಲ್ಲಿ ಸೆಖೆ ಎಷ್ಟಿರುತ್ತದೆಂದರೆ, 2023ರ ಬಿಸಿಗಾಳಿಯ ದಿನಗಳಲ್ಲಿ ಅಕ್ರೊಪೊಲಿಸ್ಸನ್ನು ಮಧ್ಯಾಹ್ನದ ಹೊತ್ತು ಮುಚ್ಚಬೇಕಾಯಿತು. ಐದು ದಿನಕ್ಕೆ ದೂರದ ದ್ವೀಪಗಳು ಬೇಡ. ಪಿರೇಯಸ್ಸಿನ ಎದುರಿನ ಸರೋನಿಕ್ ಕೊಲ್ಲಿಗೆ ನೆಲದ ಆಸರೆಯಿರುವುದರಿಂದ ಗಾಳಿಯ ಕಾಟ ಕಡಿಮೆ. ಅಲ್ಲಿನ ಈಜಿನಾ ಪಿಸ್ತಾ ತೋಟಗಳಿಗೆ ಹೆಸರಾದದ್ದು, ವೇಗದ ಬೋಟಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಿಮಗೆ ಹೇಳಿಮಾಡಿಸಿದ್ದು ಹೈಡ್ರಾ. ಅಲ್ಲಿ ಕಾರು, ಬೈಕುಗಳಿಗೆ ಅವಕಾಶವಿಲ್ಲ. ಫೆರಿಯಿಂದ ಇಳಿದ ಸಿಮೆಂಟು ಚೀಲ, ಫ್ರಿಜ್ಜು ಎಲ್ಲವೂ ಹೇಸರಗತ್ತೆಯ ಬೆನ್ನೇರಿ ಮನೆ ಸೇರುತ್ತವೆ. ಅಲ್ಲಿ ಎರಡು ರಾತ್ರಿ, ಉಳಿದದ್ದು ಅಥೆನ್ಸಿನಲ್ಲಿ.

ಹೋಟೆಲಿನಲ್ಲಿ ಇಡೀ ಮೀನನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಒಳಗೆ ಹೋಗಿ ಮೀನು ನೋಡಿ, ತೂಗಿಸಿ, ಬೆಲೆ ಕೇಳಿಯೇ ಒಪ್ಪಿಕೊಳ್ಳುವುದು ಅಲ್ಲಿನ ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಿವಿರು ನೋಡಿ ಹೇಳಬಲ್ಲ ನಿಮಗೆ ಮೋಸವಾಗದು. ಶೈತ್ಯೀಕರಿಸಿದ ಮೀನಾದರೆ ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕ ನಕ್ಷತ್ರದ ಗುರುತು ಇರುತ್ತದೆ. ಕೆಂಡದ ಮೇಲೆ ಸುಟ್ಟ ತಾರ್ಲೆ ಅಗ್ಗ, ಮತ್ತು ನನ್ನ ಮಟ್ಟಿಗೆ ಅದೇ ಅಲ್ಲಿನ ಅತ್ಯುತ್ತಮ ಊಟ.

ಪ್ರಶ್ನೆ: ವೀಸಾಕ್ಕೆ ಎಷ್ಟು ಮುಂಚೆ ಅರ್ಜಿ ಹಾಕಬೇಕು?
— ಓದುಗರೊಬ್ಬರು, ಕುಮಟಾ

ಉತ್ತರ: ಬೇಕಾಗಿರುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಬೇಸಿಗೆಯ ಪ್ರವಾಸಕ್ಕೆ ಮೂರು ತಿಂಗಳ ಮುಂಚೆಯೇ ಹಾಕುವುದು ಕ್ಷೇಮ. ಶುಲ್ಕ 2024ರ ಜೂನ್‌ನಿಂದ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದರ ಅರ್ಧ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಗ್ರೀಸ್ ಜೊತೆಗೆ ಇಟಲಿಯನ್ನೂ ಸೇರಿಸುವುದಾದರೆ, ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಸಲ್ಲಬೇಕು.

ಪ್ರಶ್ನೆ: ನಾನು ಹವ್ಯಾಸಿ ಯಕ್ಷಗಾನ ಕಲಾವಿದ. ಗ್ರೀಸಿನ ಹಳೆಯ ರಂಗಮಂದಿರದಲ್ಲಿ ನಾಟಕ ನೋಡುವುದು ಸಾಧ್ಯವೇ? ಅದಕ್ಕಾಗಿ ಎಲ್ಲಿ ಉಳಿಯಬೇಕು?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಸಾಧ್ಯ, ಮತ್ತು ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಎಪಿಡಾರಸ್ ರಂಗಮಂದಿರದಲ್ಲಿ ಜುಲೈ, ಆಗಸ್ಟ್ ತಿಂಗಳ ವಾರಾಂತ್ಯದ ರಾತ್ರಿಗಳಲ್ಲಿ ಇಂದಿಗೂ ಪ್ರಾಚೀನ ಗ್ರೀಕ್ ನಾಟಕಗಳು ನಡೆಯುತ್ತವೆ. ಬಯಲು, ರಾತ್ರಿ, ದುಂಡಗಿನ ರಂಗ, ಕಥೆಯನ್ನು ಹಾಡಿ ಮುಂದುವರಿಸುವ ಮೇಳ: ಬಡಗುತಿಟ್ಟಿನ ಆಟ ನೋಡಿ ಬೆಳೆದವರಿಗೆ ಭಾಷೆ ತಿಳಿಯದಿದ್ದರೂ ಕಟ್ಟು ತಿಳಿಯುತ್ತದೆ. ಇಂಗ್ಲಿಷ್ ಅನುವಾದದ ಸಾಲುಗಳನ್ನು ಪರದೆಯ ಮೇಲೆ ತೋರಿಸುತ್ತಾರೆ; ಆದರೂ ನಾಟಕದ ಕಥೆಯನ್ನು ಮೊದಲೇ ಓದಿಕೊಂಡು ಹೋಗಿ.

ಉಳಿಯಲು ನಾಫ್ಲಿಯೊ ಸರಿ. ಅಥೆನ್ಸಿನಿಂದ ಬಸ್ಸಿನಲ್ಲಿ ಎರಡರಿಂದ ಎರಡೂವರೆ ಗಂಟೆ. ಆಧುನಿಕ ಗ್ರೀಸಿನ ಮೊದಲ ರಾಜಧಾನಿಯಾಗಿದ್ದ ಈ ಸಣ್ಣ ಊರಿನಲ್ಲಿ ಸಮುದ್ರದ ನಡುವೆ ಒಂದು ಕೋಟೆ, ಗುಡ್ಡದ ಮೇಲೆ ಇನ್ನೊಂದು ಕೋಟೆ. ಹಗಲಿನಲ್ಲಿ ಹತ್ತಿರದ ಮೈಸಿನಿ ಪಾಳುನಗರವನ್ನೂ ನೋಡಿ ಬರಬಹುದು. ಎರಡು ರಾತ್ರಿ ಸಾಕು. ರಂಗಮಂದಿರದ ಆಸನಗಳು ಬರಿಯ ಕಲ್ಲು. ಆಟಕ್ಕೆ ಕಂಬಳಿ ಒಯ್ಯುವಂತೆ ಮಡಚಿ ಕೂರಲು ಒಂದು ದಪ್ಪ ಬಟ್ಟೆ ಜೊತೆಗಿರಲಿ. ಪೈನ್ ಮರಗಳ ನಡುವಿನ ಆ ಜಾಗ ನಾಫ್ಲಿಯೊದಿಂದ ಇಪ್ಪತ್ತೈದು ಕಿಲೋಮೀಟರಿಗೂ ದೂರ. ನಾಟಕ ಮುಗಿಯುವುದು ನಡುರಾತ್ರಿಯ ಹೊತ್ತಿಗೆ, ಆದ್ದರಿಂದ ಮರಳುವ ಬಸ್ಸು ಯಾವುದು, ಎಲ್ಲಿ ನಿಂತಿರುತ್ತದೆ ಎಂಬುದನ್ನು ಹೋಗುವಾಗಲೇ ಚಾಲಕನ ಹತ್ತಿರ ಕೇಳಿಟ್ಟುಕೊಳ್ಳಿ.